ಹಡಗಿನ ದಿನದ ಮೀನಿನ ಪಾಲು

ಪಸಿಲಿಯೊನನ್ನು ಊರಿನ ಹಿರಿಯರು ಹೂಮಾಲೆ ಹಾಕಿ ಕಟ್ಟಿಹಾಕಿದರು. ಭಾನುವಾರ ಪೂಜೆ ಮುಗಿದು ಜನ ಇನ್ನೂ ಇಗರ್ಜಿಯ ಅಂಗಳದಲ್ಲೇ ನಿಂತಿರುವಾಗ ಅವನನ್ನು ಸಭೆಯ ಮನೆಗೆ ಕರೆಸಿದರು. ಕಂಬಕ್ಕೊಬ್ಬರಂತೆ ಒರಗಿ ಕುಳಿತಿದ್ದ ಮುದುಕರು ಒಬ್ಬರಾದ ಮೇಲೊಬ್ಬರು ಅವನ ಅಪ್ಪನನ್ನು ಹೊಗಳಿದರು, ತಾತನನ್ನು ಹೊಗಳಿದರು, ಅವನು ದೋಣಿ ನಡೆಸುವ ಚಂದವನ್ನು ಹೊಗಳಿದರು. ಹೊಗಳಿಕೆ ಏರಿದಂತೆಲ್ಲ ಪಸಿಲಿಯೊ ಬಾಗಿಲ ಕಡೆ ನೋಡತೊಡಗಿದ. ನಮ್ಮ ಮುದುಕರು ಕಾರಣವಿಲ್ಲದೆ ಯಾರನ್ನೂ ಹೊಗಳುವವರಲ್ಲ.

ಕಡೆಗೆ ಕೆಲೆಮೆತೆ ಗಂಟಲು ಸರಿಮಾಡಿಕೊಂಡ. ಅವನು ಸಭೆಯಲ್ಲೇ ಹಿರಿಯ, ಪಸಿಲಿಯೊನ ಹೆಂಡತಿ ಅಕಾತಾಳಿಗೆ ಸೋದರಮಾವ.

“ನಮ್ಮ ಪುಲೆನುಕುಗೆ ಕಾಲು ಊದ್ಕೊಂಡು ಮೇಲೇಳೋಕೇ ಆಗ್ತಿಲ್ಲ. ಊರ ಕೆಲಸ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲಪ್ಪ. ಸಭೆ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳ್ತು. ಇವತ್ತಿಂದ ನೀನೇ ಪುಲೆನುಕು.”

ಅಂದವನೇ ಪುಲೆನುಕುವಿನ ಸೀಟಿಯನ್ನು ಪಸಿಲಿಯೊನ ಕೊರಳಿಗೆ ಹಾಕಿದ. ಅದರ ಮೇಲೊಂದು ಮಾಲೆ ಬಿತ್ತು.

“ಮಾವ, ನಾನು ಈ ಹಡಗಿಗೆ ಅಪಿಯಾಗೆ ಹೋಗ್ಬೇಕು ಅಂತಿದ್ದೆ. ಅಕಾತಾ ಅಲ್ಲಿ ಆಸ್ಪತ್ರೇಲಿ...”

“ಗೊತ್ತಪ್ಪ, ಗೊತ್ತು. ಊರೆಲ್ಲ ಅವಳಿಗೋಸ್ಕರ ಜಪ ಮಾಡ್ತಿದೆ. ಹಡಗೇನು ಓಡಿಹೋಗತ್ತಾ? ಬರ್ತಾನೇ ಇರತ್ತೆ.”

ಹೋಗಬೇಡ ಅಂತ ಯಾರೂ ಅನ್ನಲಿಲ್ಲ. ನಮ್ಮ ಟೊಕೆಲಾವ್ ದ್ವೀಪಗಳಲ್ಲಿ ಬೇಡ ಅನ್ನುವುದು ಒರಟುತನ. ಆದರೆ ಪುಲೆನುಕು ಅಂದರೆ ಊರಿನ ಬೀಗದಕೈ ಇದ್ದ ಹಾಗೆ. ಗಂಡಸರನ್ನು ಕೆಲಸಕ್ಕೆ ಕರೆಯುವವನು ಅವನು, ದೋಣಿ ಕಳಿಸುವವನು ಅವನು, ಆಚೆ ನಡುಗಡ್ಡೆಯ ತೆಂಗಿಗೆ ಯಾವಾಗ ಕೈಹಾಕಬಹುದು ಎಂದು ಸಾರುವವನೂ ಅವನೇ. ಅವನು ಊರು ಬಿಟ್ಟು ಹೋಗಲು ಸಭೆ ಒಪ್ಪಬೇಕು. ಸಭೆ ಒಂದೇ ಬಾಯಲ್ಲಿ ಆಡಿದ ಮಾತನ್ನು ಸಭೆಯೇ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಇನ್ನು ಪಸಿಲಿಯೊ ಮಾಲೆ ತೆಗೆದಿಟ್ಟು ನನಗೆ ಬೇಡ ಅಂದರೆ, ಮಾನ ಹೋಗುವುದು ಅವನದಲ್ಲ, ಅವನನ್ನು ಇಟ್ಟುಕೊಂಡಿರುವ ಹೆಂಡತಿಯ ಮನೆಯದು. ಅವನು ತಲೆ ಬಗ್ಗಿಸಿ ಹೊರಗೆ ಬಂದ.

ಮುದುಕರಿಗೆ ಅವನ ಮೇಲೆ ಹಗೆಯಿರಲಿಲ್ಲ, ಭಯವಿತ್ತು. ಹೋದ ವರ್ಷ ಹಲ್ಲುನೋವು ಅಂತ, ದೊಡ್ಡಾಸ್ಪತ್ರೆ ಇರುವ ಅಪಿಯಾ ಪಟ್ಟಣಕ್ಕೆ ಹೋದವನು ಈಗ ನ್ಯೂಜಿಲೆಂಡಿನಲ್ಲಿ ಕೋಳಿ ಕಾರ್ಖಾನೆಯಲ್ಲಿದ್ದಾನೆ. ತಂಗಿಯ ಮದುವೆಗೆ ಹೋದ ಇನ್ನೊಬ್ಬ ತಂಗಿಯ ಜೊತೆಗೇ ಉಳಿದ. ಮೂರು ಹವಳದ್ವೀಪಗಳ ನಾಡಿಗೆ ನಾವೇ ರಾಜರು, ವರ್ಷಕ್ಕೊಂದು ದ್ವೀಪದಂತೆ ನಾಡಿನ ಮುಖ್ಯಸ್ಥನನ್ನು ಮಾಡಿಕೊಳ್ಳುತ್ತೇವೆ ಎಂದು ಸಭೆಯಲ್ಲಿ ಎದೆ ತಟ್ಟಿ ಹೇಳುವ ಮುದುಕರಿಗೆ, ದೋಣಿ ತಳ್ಳಲು ತೋಳುಗಳು ಕಡಿಮೆಯಾಗುತ್ತಿರುವುದು ಕಾಣದೆ ಇರುತ್ತದೆಯೇ? ಆ ಭಯವೂ ಸುಳ್ಳಲ್ಲ. ಅಕಾತಾಳ ಅಣ್ಣ ನ್ಯೂಜಿಲೆಂಡಿನಿಂದ ಎರಡು ಸಲ ಹೇಳಿಕಳಿಸಿದ್ದ, ಇಬ್ಬರೂ ಬಂದುಬಿಡಿ ಎಂದು. ಪಸಿಲಿಯೊ ಹೋಗುವ ಯೋಚನೆ ಮಾಡಿರಲಿಲ್ಲ. ಅದನ್ನು ನಂಬಿಸುವುದು ಹೇಗೆ?

ಅವನಿಗೆ ಬೇಕಿದ್ದದ್ದು ಇಷ್ಟೇ. ಅಕಾತಾಳಿಗೆ ಇದು ಮೂರನೆಯ ಬಸಿರು. ಮೊದಲಿನ ಎರಡು ಕೂಸುಗಳನ್ನು ಇಗರ್ಜಿಯ ಹಿಂದೆ, ಬಿಳಿ ಹವಳದ ಚೂರು ಹರಡಿದ ಚಿಕ್ಕ ಗುಂಡಿಗಳಲ್ಲಿ ಮಲಗಿಸಿದ್ದರು. ಅದಕ್ಕೇ ಈ ಸಲ ನರ್ಸು ಅವಳನ್ನು ಹಿಂದಿನ ಹಡಗಿನಲ್ಲೇ ಅಪಿಯಾಗೆ ಕಳಿಸಿದ್ದಳು. ಕಳೆದ ವಾರ ರೇಡಿಯೊದಲ್ಲಿ ಸುದ್ದಿ ಬಂತು: ರಕ್ತ ಹೋಗುತ್ತಿದೆ, ಮಲಗಿಸಿದ್ದೇವೆ, ಗಂಡ ಬರಲಿ ಅನ್ನುತ್ತಿದ್ದಾಳೆ. ನಮ್ಮೂರಿನ ರೇಡಿಯೊ ಗುಟ್ಟು ಹೇಳಲಾರದು. ಕಿಟಕಿಯಾಚೆ ಬಲೆ ಹೊಲಿಯುತ್ತಿದ್ದವರೂ ಕೇಳಿಸಿಕೊಂಡರು. ಈ ಹಡಗು ತಪ್ಪಿದರೆ ಮುಂದಿನದು ತಿಂಗಳ ಮೇಲೆ. ಅಷ್ಟರಲ್ಲಿ ಕೂಸು ಹುಟ್ಟಿರುತ್ತದೆ. ಅಥವಾ ಅವಳೊಬ್ಬಳೇ ಇನ್ನೊಂದು ಗುಂಡಿಯ ಮುಂದೆ ನಿಂತಿರುತ್ತಾಳೆ.

ಹಡಗು ಬರುವವರೆಗಿನ ನಾಲ್ಕು ದಿನ ಅವನು ಊರಿನಲ್ಲಿ ಸುತ್ತಿದ. ಸುತ್ತುವುದಕ್ಕಾದರೂ ಏನಿದೆ? ಈಚೆ ಕಡಲು, ಆಚೆ ಒಳಗಡಲು, ನಡುವೆ ಒಂದು ಕಲ್ಲು ಬೀಸಿದರೆ ಮುಗಿಯುವಷ್ಟು ನೆಲ. ಹತ್ತಿ ನಿಂತು ಅಳೋಣವೆಂದರೆ ಒಂದು ದಿಬ್ಬವಿಲ್ಲ. ಎಲ್ಲಿ ಹೋದರೂ ಯಾರೋ ಒಬ್ಬರು “ಏನ್ ಪುಲೆನುಕು ಸಾಹೇಬ್ರೇ, ಗಸ್ತೇ?” ಅನ್ನುತ್ತಿದ್ದರು. ಅವನು ನಗುತ್ತಿದ್ದ. ಕೊರಳಿನ ಸೀಟಿ ಎದೆಗೆ ಬಡಿಯುತ್ತಿತ್ತು.

ಅಕಾತಾಳ ತಾಯಿ, ಅತ್ತೆ ಲುಹಿಯಾ ಮಾತ್ರ ಅವನನ್ನು ಸಾಹೇಬ ಅನ್ನಲಿಲ್ಲ. ಲುಹಿಯಾ ಅಂದರೆ ಆ ಮನೆಯ ಬುನಾದಿ. ಮನೆ ಅವಳದು, ಒಲೆ ಅವಳದು, ಬಂದ ಮೀನನ್ನು ಯಾರಿಗೆ ಯಾವ ತುಂಡು ಎಂದು ಹಂಚುವ ಕೈ ಅವಳದು. ಅಳಿಯಂದಿರು ಬರುತ್ತಾರೆ, ದುಡಿಯುತ್ತಾರೆ, ಸುಮ್ಮನಿರುತ್ತಾರೆ.

“ಊಟ ಮಾಡೋ ಅಳಿಯ. ಹಲಸಿನಂಥ ಮುಖ ಮಾಡ್ಕೊಂಡು ಕೂತ್ರೆ ಹೊಟ್ಟೆ ತುಂಬತ್ತಾ?”

“ಹಸಿವಿಲ್ಲ ಅತ್ತೆ.”

“ನನ್ನ ತಮ್ಮ ನಿನಗೆ ದೊಡ್ಡ ಪದವಿ ಕೊಟ್ಟಿದ್ದಾನೆ.”

“ಹೌದು.”

“ಬೇಕಾಗಿತ್ತಾ ನಿನಗೆ?”

ಅವನು ತಡೆಯಲಾಗದೆ ಅಂದ: “ಅವಳು ಕೇಳಿದಾಳೆ ಅತ್ತೆ. ಮೊದಲ ಎರಡು ಸಲಾನೂ ನಾನು ಕಡಲಲ್ಲಿದ್ದೆ. ಈ ಸಲಾನೂ ಇರಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಅವಳ ಮುಂದೆ ನಿಲ್ಲಲಿ?”

ಲುಹಿಯಾ ಬೇಯಿಸಿದ, ಕೆಸುವಿನಂಥ ಪುಲಕ ಗೆಡ್ಡೆಯನ್ನು ಅವನ ಕಡೆಗೆ ತಳ್ಳಿ, ಹೊದಿಕೆ ಸರಿಮಾಡಿಕೊಂಡು ಹೊರಗೆ ಹೋದಳು. ಸಂಜೆ ಅವಳು ತಮ್ಮ ಕೆಲೆಮೆತೆಯ ಮನೆಯ ಹೊಸ್ತಿಲಲ್ಲಿ ಕುಳಿತಿದ್ದನ್ನು ಊರು ನೋಡಿತು. ನೋಡಿ ಬೆಚ್ಚಿತು. ನಮ್ಮಲ್ಲಿ ಅಕ್ಕ ಬಾಯಿಬಿಟ್ಟು ಕೇಳಿದರೆ ತಮ್ಮ ಇಲ್ಲ ಅನ್ನುವಂತಿಲ್ಲ, ಜೀವವನ್ನೇ ಕೇಳಿದರೂ. ಅದಕ್ಕೇ ಅಕ್ಕಂದಿರು ಸುಮ್ಮಸುಮ್ಮನೆ ಕೇಳುವುದಿಲ್ಲ. ಲುಹಿಯಾ ಈ ವಯಸ್ಸಿನವರೆಗೆ ತಮ್ಮನನ್ನು ಏನನ್ನೂ ಕೇಳಿದವಳಲ್ಲ. ಅಂದು ಏನು ಕೇಳಿದಳೋ, ಇಬ್ಬರೂ ಬಾಯಿ ಬಿಡಲಿಲ್ಲ.

ಗುರುವಾರ ಬೆಳಗ್ಗೆ ಹಡಗು ಬಂತು. ಹವಳದ ದಂಡೆಯಾಚೆ, ಲಂಗರಿಗೆ ತಳ ಸಿಗದ ನೀರಿನಲ್ಲಿ ಅತ್ತಿತ್ತ ತೇಲುತ್ತಾ ನಿಂತಿತು. ಸರಕು ದೋಣಿಗಳು ದಂಡೆಯ ಕಂಡಿಯಲ್ಲಿ ಹಾದು ಹೋಗಿ ಬರಬೇಕು, ಇದ್ದಬದ್ದ ಗಂಡಸರೆಲ್ಲ ಮೂಟೆ ಹೊರಬೇಕು. ಪಸಿಲಿಯೊ ಸೀಟಿ ಊದಲು ಹೊರಟಾಗ ಲುಹಿಯಾ ಬಾಗಿಲಲ್ಲಿ ಅಡ್ಡ ನಿಂತಳು.

“ಮೀನಿಗೆ ದೋಣಿ ಕಳಿಸು.”

“ಇವತ್ತಾ? ಹಡಗಿನ ದಿನ ಯಾರು ಮೀನಿಗೆ ಹೋಗ್ತಾರೆ ಅತ್ತೆ?”

“ನಿನ್ನೆಯಿಂದ ಹೊರಗಡೆ ಹಕ್ಕಿ ಮುತ್ತಿಕೊಂಡಿವೆ. ಅತು ಮೀನು ಗುಂಪು ಗುಂಪಾಗಿ ಇದೆ. ನೀನು ಪುಲೆನುಕು ತಾನೆ? ಊರಿಗೆ ಒಂದು ತುತ್ತು ಮೀನು ತಿನ್ನಿಸೋ ಯೋಗ್ಯತೆ ಇಲ್ವಾ?”

ಅವನಿಗೆ ರೇಗಿತು. ಮಗಳು ಅಲ್ಲಿ ಸಾಯುತ್ತಿರಬಹುದು, ಈ ಹೆಂಗಸಿಗೆ ಮೀನಿನ ಚಪಲ. ಆದರೂ ನಾಲ್ಕು ದೋಣಿ ಕಳಿಸಿದ. ಮೂಟೆ ಹೊರಲು ಆಳು ಸಾಲದೆ ಕೆಲವರು ಗೊಣಗಿದರು. ಪಸಿಲಿಯೊ ತಾನೂ ಹೆಗಲು ಕೊಟ್ಟ. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಶಾಲೆಯ ಬೆಂಚು. ಬರುವವರು ಬಂದರು, ಹೋಗುವವರ ಚಾಪೆ ಪೆಟ್ಟಿಗೆಗಳು ದಡದಲ್ಲಿ ಸಾಲಾದವು. ಅವನು ಆ ಸಾಲಿನ ಕಡೆ ನೋಡದಂತೆ ಕೆಲಸ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಮೀನಿನ ದೋಣಿಗಳು ಅಂಚಿನವರೆಗೆ ತುಂಬಿಕೊಂಡು ಬಂದವು. ಅಲ್ಲಿಗೆ ಹಡಗು, ಮೂಟೆ ಎಲ್ಲ ಮರೆತುಹೋಯಿತು. ಇನಾತಿ, ಅಂದರೆ ಊರಿಗೆಲ್ಲ ಪಾಲು ಹಂಚುವುದು, ನಮಗೆ ಹಾಗೆ. ಬಂದ ಮೀನೆಲ್ಲ ಬಯಲಿಗೆ ಬರಬೇಕು, ತೆಂಗಿನ ಗರಿಯ ಮೇಲೆ ಮನೆಮನೆಯ ರಾಶಿ ಬೀಳಬೇಕು, ಹೆಸರು ಕೂಗಿದಂತೆ ಬುಟ್ಟಿ ಬರಬೇಕು. ಆ ದಿನ ಊರಿನಲ್ಲಿ ಉಸಿರಾಡುವ ಪ್ರತಿಯೊಬ್ಬರಿಗೂ ಒಂದೇ ಅಳತೆಯ ಪಾಲು. ನಿನ್ನೆ ಹುಟ್ಟಿದ ಕೂಸಿಗೂ, ಪಾದ್ರಿಗೂ, ಬುದ್ಧಿ ನೆಟ್ಟಗಿಲ್ಲದವನಿಗೂ. ಊರಲ್ಲಿಲ್ಲದವನಿಗೆ ಮಾತ್ರ ಇಲ್ಲ. ಹಿಂದೊಮ್ಮೆ ಒಬ್ಬ, ತನ್ನ ಮನೆಯ ಹೆಸರು ಕೂಗುವ ಮೊದಲು ನೆಲ ಮುಟ್ಟಬೇಕೆಂದು ಹಡಗಿನ ದೋಣಿಯಿಂದ ನೀರಿಗೆ ಹಾರಿ ಈಜಿ ಬಂದಿದ್ದ. ಬೆಳಗ್ಗೆ ತೀರಿಕೊಂಡ ಮುದುಕಿಗೆ ಮಧ್ಯಾಹ್ನ ಪಾಲುಂಟೇ ಎಂದು ಸಭೆ ತಲೆಕೆಡಿಸಿಕೊಂಡು, ಮಣ್ಣಾಗುವವರೆಗೆ ಅವಳು ಊರಲ್ಲೇ ಇದ್ದಾಳೆ ಎಂದು ತೀರ್ಪು ಕೊಟ್ಟಿದ್ದೂ ಉಂಟು. ಅಂದರೆ ಪಾಲಿದ್ದವನು ಸತ್ತಿದ್ದರೂ ಊರಲ್ಲಿದ್ದಾನೆ.

ಪಾಲು ಹಾಕುವ ಲಿನೊ ಎಂದೂ ಕೈತಪ್ಪಿದವನಲ್ಲ. ಅವನು ಲುಹಿಯಾಳ ಮನೆ ಎಂದು ಕೂಗಿದ. ಲುಹಿಯಾಳಿಗೆ, ಅವಳ ವಿಧವೆ ತಂಗಿಗೆ, ಮೊಮ್ಮಕ್ಕಳಿಗೆ ಮೀನು ಬಿತ್ತು. ಅಷ್ಟಕ್ಕೇ ಲಿನೊ ಮುಂದಿನ ರಾಶಿಗೆ ಸರಿದ.

ಪಸಿಲಿಯೊ ಹತ್ತಿರ ಹೋದ. “ಲಿನೊ, ನಂದು ಬಿಟ್ಟೆಯಲ್ಲ.”

ಲಿನೊ ತಲೆಯೆತ್ತಲಿಲ್ಲ. ಪಕ್ಕದವನನ್ನು ಕೇಳಿದ: “ಆ ಮನೇಲಿ ಇನ್ನೂ ಯಾರಾದ್ರೂ ಇದಾರಾ?”

“ಅಳಿಯ ಒಬ್ಬ ಇದ್ದ. ಪಸಿಲಿಯೊ ಅಂತ.”

“ಅವನು ಹಡಗಲ್ಲಿ ಹೋಗಲಿಲ್ವಾ?”

ಪಸಿಲಿಯೊನ ಮುಖಕ್ಕೆ ರಕ್ತ ನುಗ್ಗಿತು. ಹುಟ್ಟಿದ ದಿನದಿಂದ ಅವನ ಪಾಲು ಬಿದ್ದಿರದ ಇನಾತಿ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಹೊಡೆದಿದ್ದರೆ ಇನ್ನೂ ಸುಲಭವಾಗಿತ್ತು. ತಾನು ಮಾಡಿದ ತಪ್ಪೇನು ಎಂದು ಹಿರಿಯರ ಕಡೆ ತಿರುಗಿದ. ಕೆಲೆಮೆತೆ ಕಡಲನ್ನು ನೋಡುತ್ತಿದ್ದ. ಉಳಿದ ಮುದುಕರೂ ಕಡಲನ್ನೇ ನೋಡುತ್ತಿದ್ದರು.

ಆಗ ಲುಹಿಯಾ ಬುಟ್ಟಿ ಎತ್ತಿಕೊಂಡು ಎಲ್ಲರಿಗೂ ಕೇಳಿಸುವಂತೆ ಅಂದಳು: “ಲೆಕ್ಕ ಸರಿಯಾಗಿದೆ. ನನ್ನ ಅಳಿಯ ಊರಲ್ಲಿಲ್ಲ.”

“ಅಜ್ಜಿ, ಇಲ್ಲೇ ನಿಂತಿದಾನಲ್ಲ—” ಅಂತ ಮೊಮ್ಮಗಳೊಬ್ಬಳು ಬೆರಳು ತೋರಿಸಿದಳು. ಚಿಕ್ಕಜ್ಜಿ ಅವಳ ಬಾಯಿ ಮುಚ್ಚಿದಳು.

ಪಸಿಲಿಯೊನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಭೆ ಮಾತು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಹೋಗು ಎಂದೂ ಅಂದಿರಲಿಲ್ಲ. ಊರಲ್ಲಿಲ್ಲದವನು ಪುಲೆನುಕು ಹೇಗಾದಾನು? ಊರಲ್ಲಿಲ್ಲದವನನ್ನು ತಡೆಯುವುದಾದರೂ ಹೇಗೆ? ಅವನು ಕೊರಳಿನ ಸೀಟಿ ತೆಗೆದು, ಕೆಲೆಮೆತೆಯ ಮುಂದೆ ಬಗ್ಗಿ, ಮಡಿಲಲ್ಲಿ ಇಟ್ಟ. ಮುದುಕ ಕಡಲಿನಿಂದ ಕಣ್ಣು ಕೀಳಲಿಲ್ಲ. ಬೆರಳುಗಳು ಮಾತ್ರ ಸೀಟಿಯ ಮೇಲೆ ಮುಚ್ಚಿಕೊಂಡವು. ಕಣ್ಣು ಒದ್ದೆಯಾಗಿತ್ತು.

ದಡದಲ್ಲಿ ಹೋಗುವವರ ಗಂಟುಗಳ ನಡುವೆ ಅವನದೇ ಚೀಲವಿತ್ತು. ಬೆಳಗ್ಗೆಯಿಂದಲೂ ಅಲ್ಲೇ ಇತ್ತು, ಅವನು ನೋಡಿರಲಿಲ್ಲ ಅಷ್ಟೇ. ಮೇಲೆ ಲುಹಿಯಾ ಹೆಣೆದ ಚಿಕ್ಕ ಚಾಪೆ, ಒಂದು ಕೂಸು ಮಲಗುವಷ್ಟು, ಸುತ್ತಿ ಕಟ್ಟಿತ್ತು.

ಅವನು ಊರನ್ನು ಹಾದು ದೋಣಿಗೆ ನಡೆದ. ಒಬ್ಬರೂ ಅವನನ್ನು ನೋಡಲಿಲ್ಲ. ಜೊತೆಯಲ್ಲಿ ಬೆಳೆದವರು ಮೀನಿನ ಬಾಲ ಹಿಡಿದು ಮಾತಾಡುತ್ತಾ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೋಗಿ ಬಾ ಎಂದು ಒಂದು ಬಾಯಿ ಹೇಳಲಿಲ್ಲ, ಕೊರಳಿಗೆ ಒಂದು ಮಾಲೆ ಬೀಳಲಿಲ್ಲ. ಇಷ್ಟು ದಿನ ಉಸಿರು ಕಟ್ಟುವಂತೆ ಹಿಡಿದಿದ್ದ ಊರು ಕೈಬಿಟ್ಟ ಕೂಡಲೇ ಅವನಿಗೆ ಅಳು ಬಂತು. ದೋಣಿಯವರು ಮಾತಿಲ್ಲದೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟು ಕುಳಿತರು.

ದೋಣಿ ದಡ ಬಿಟ್ಟಾಗ ಬಯಲಿನಿಂದ ಲಿನೊನ ದನಿ ಕೇಳಿಸಿತು. ಅವನು ಈ ಕಡೆ ಬೆನ್ನು ಹಾಕಿ, ಯಾರಿಗೂ ಅಲ್ಲ ಎಂಬಂತೆ ಕೂಗಿದ.

“ಲುಹಿಯಾಳ ಮನೆಗೆ ಮುಂದಿನ ಹಡಗಿನ ಹೊತ್ತಿಗೆ ಎಷ್ಟು ಪಾಲು ಹೆಚ್ಚಿಗೆ ಹಾಕ್ಬೇಕು? ಯಾರಾದ್ರೂ ಹೇಳಿದ್ರೆ ಒಳ್ಳೇದಿತ್ತು.”

ಪಸಿಲಿಯೊ ಎದ್ದು ನಿಂತ. ಒಂದು ಬೆರಳು ತನ್ನದು, ಒಂದು ಅಕಾತಾಳದು. ಮೂರನೆಯದನ್ನು ಬಿಡಿಸಲು ಅವನ ಕೈ ಬಹಳ ಹೊತ್ತು ಅನುಮಾನಿಸಿತು. ದೋಣಿ ಕಂಡಿಗೆ ಹೊರಳುವ ಮೊದಲು ಮೂರೂ ಬೆರಳು ಮೇಲಕ್ಕೆತ್ತಿ ಹಿಡಿದ. ಊರಲ್ಲಿಲ್ಲದವನ ಕೈಯನ್ನು ಯಾರು ನೋಡುತ್ತಾರೆ? ಆದರೆ ದೂರದಲ್ಲಿ ಲುಹಿಯಾ ಬುಟ್ಟಿಯನ್ನು ಕೆಳಗಿಟ್ಟು ಲಿನೊನಿಗೆ ಏನೋ ಹೇಳಿದಳು, ಲಿನೊ ಸರಿ ಎಂಬಂತೆ ತಲೆಯಾಡಿಸಿದ.