ಬೀಸುವ ಪದದ ತೆರಪು

"ನಿಲ್ಸು ತಮ್ಮಾ. ಇದು ಅವ್ವ ಅಲ್ಲ. ರಾಜೀವಕ್ಕ."

ತೀರ್ಥೇಶನ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು. ಶಿಕಾರಿಪುರದ ಅವನ ಸ್ಟುಡಿಯೋಕ್ಕೆ ಕ್ಯಾಸನೂರಿನ ವರದಮ್ಮ ತಂದದ್ದು ತಾಯಿ ಬಂಗಾರಮ್ಮನ ಪದ. ಎಂಬತ್ತೆರಡರ ಮುದುಕಿ ಹಿಡಿ ಅಕ್ಕಿ ಬೀಸುತ್ತ ಹಾಡಿದ್ದು. ನಾಳೆ ಅವಳ ವರ್ಷದ ತಿಥಿ. ಅಷ್ಟರೊಳಗೆ ಅದು ಯೂಟ್ಯೂಬಿಗೆ ಏರಬೇಕಿತ್ತು. ಅವಳ ಹಿರಿಯ ಮಗಳು, ವರದಮ್ಮನ ಅಕ್ಕ ರಾಜೀವಿಯಾದರೋ ಹದಿನಾರಕ್ಕೇ ಮಂಗನ ಕಾಯಿಲೆಯಲ್ಲಿ ಹೋದವಳು. ಅವಳ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ.

ಪರದೆಯತ್ತ ಬಗ್ಗಿದ ಮರುಗಳಿಗೆಯಲ್ಲೇ ತೀರ್ಥೇಶನಿಗೆ ತಪ್ಪು ಕಾಣಿಸಿತು.

"ನಂದೇ ತಪ್ಪುರೀ. ನಿಮ್ಮ ರೆಕಾರ್ಡಿನಾಗೆ ಸೆಕೆಂಡಿಗೆ ದನಿಯ ನಲವತ್ನಾಕು ಸಾವ್ರದ ನೂರು ಚೂರು. ವಿಡಿಯೋಕ್ಕೆ ನಲವತ್ತೆಂಟು ಸಾವ್ರ ಬೇಕು. ಲೆಕ್ಕ ಹಾಕಿ ಚೂರು ಹೆಚ್ಚಿಸೋದು ಬಿಟ್ಟು ಬರೀ ನಂಬರ್ ಬದ್ಲಿ ಮಾಡೀನಿ. ಅದ್ಕೇ ಪದ ಓಡ್ತತಿ, ದನಿ ಎಳೇದಾಗೇತಿ."

"ನಂಬರ್ ಬದ್ಲಿ ಮಾಡಿದ್ರೆ ಸತ್ತೋರು ಬರೋ ಹಂಗಿದ್ರೆ ಭಟ್ಟರಿಗೆ ಯಾಕೆ ಹೇಳಿ ಕಳಿಸ್ತಿದ್ದೆ ಮಾರಾಯ," ಎಂದ ವರದಮ್ಮ ನಗಲಿಲ್ಲ.

ಅವನು ಸರಿಯಾಗಿ ಪರಿವರ್ತಿಸಿದ. ಮುದುಕಿಯ ಒಡಕು ದನಿ ತನ್ನ ನಡಿಗೆಯಲ್ಲೇ ಮರಳಿತು. ಒಂದು ಸಾಲು, ಆಮೇಲೆ ಅಷ್ಟೇ ಹೊತ್ತು ಬರೀ ಕಲ್ಲಿನ ಸದ್ದು.

"ಈ ಖಾಲಿ ಜಾಗ ಕತ್ತರಿಸ್ಲೇನ್ರೀ? ನೋಡೋರಿಗೆ ಬೇಜಾರಾಗ್ತತಿ."

"ಮುಟ್ಬೇಡ. ಕಲ್ಲಿಗೆ ಇಬ್ರು ಕೂರ್ಬೇಕು. ಒಬ್ಳು ಎತ್ತಿದ ಸಾಲನ್ನ ಎದುರಿನೋಳು ತಿರುಗಿ ಹೇಳ್ಬೇಕು. ಅಕ್ಕ ಹೋದ್ಮೇಲೆ ಅವ್ವ ಎದುರಿಗೆ ಯಾರನ್ನೂ ಕೂರಿಸ್ಲಿಲ್ಲ. ನನ್ನೂ ಕೂರಿಸ್ಲಿಲ್ಲ. ತೆರಪು ಮಾತ್ರ ಬಿಡ್ತಿದ್ಲು."

ತೀರ್ಥೇಶ ಮತ್ತೆ ಮೊದಲಿನಿಂದ ಓಡಿಸಿದ. ಮೊದಲು ಕೆಡಿಸಿದ್ದ ಎಳೆಯ ದನಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದನ್ನು ಮರೆತಿದ್ದ. ಎರಡೂ ಒಟ್ಟಿಗೇ ಹೊರಟವು. ಎಳೆಯ ದನಿ ಸಾಲುಸಾಲಿಗೂ ಒಂದಿಷ್ಟು ಮುಂದಾಯಿತು. ಆರು ಸಾಲು ಕಳೆಯುವಷ್ಟರಲ್ಲಿ, ಮುದುಕಿ ಬಿಟ್ಟ ತೆರಪಿನಲ್ಲಿ ಹುಡುಗಿ ಪದ ಎತ್ತಿದಳು. ಅವಳು ಮುಗಿಸಿದೊಡನೆ ಮುದುಕಿ ಅದನ್ನೇ ತಿರುಗಿ ಹೇಳಿದಳು.

ಅಳಿಸಹೋದ ಅವನ ಮಣಿಕಟ್ಟನ್ನು ವರದಮ್ಮ ಹಿಡಿದರು. ಪದ ಇನ್ನೆರಡು ಸಾಲು ಸಾಗಿತು.

"ಊರಿಗೆ ಅವ್ವನ್ನ ಒಬ್ಳನ್ನೇ ಕೊಡು, ತೆರಪು ಸಮೇತ. ಸುಳ್ಳು ಬೇಡ," ಎಂದರು ಕೊನೆಗೆ. "ಇಬ್ರೂ ಇರೋ ಇದನ್ನ ನನ್ನ ಮೊಬೈಲಿಗೆ ಹಾಕು."

ಅವನು ಹಾಗೆಯೇ ಮಾಡಿದ. ಪರದೆಯ ಮೇಲೆ ತಾಯಿಯ ಪದ ಮೆಲ್ಲಗೆ ಯೂಟ್ಯೂಬಿಗೆ ಏರುತ್ತಿತ್ತು. ಹಿಂದೆ, ಬೆಂಚಿನ ಮೇಲೆ, ವರದಮ್ಮ ಮೊಬೈಲನ್ನು ಎಡಗಿವಿಗೆ ಒತ್ತಿಕೊಂಡು ಕೂತಿದ್ದರು. ಮಡಿಲಲ್ಲಿದ್ದ ಬಲಗೈ, ಇಲ್ಲದ ಬೀಸುಕಲ್ಲಿನ ಗೂಟವನ್ನು ಹಿಡಿದು ತಿರುಗುತ್ತಿತ್ತು. ಅರ್ಧ ಸುತ್ತು ಬಂದು, ಎದುರಿನವರು ಎಳೆದುಕೊಳ್ಳಲೆಂದು ಸಡಿಲವಾಗುತ್ತಿತ್ತು.