ಮೂವತ್ತಾರು ವಾರದೊಳಗೆ

ಕನ್ನೊಳ್ಳಿಯ ತಿಪ್ಪವ್ವ ಭಾರಿ ಜಾಣೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆ ಜಾಣತನವನ್ನು ಅವಳು ಹೆತ್ತ ಮಗಳ ಮೇಲೆಯೇ ತೋರಿಸುತ್ತಾಳೆಂದು ಭುವನೇಶ್ವರಿ ಮಾತ್ರ ಎಣಿಸಿರಲಿಲ್ಲ. ಐರ್ಲೆಂಡಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಭುವನೇಶ್ವರಿ ಈಗ ಸ್ವತಃ ತುಂಬು ಬಸುರಿ. ಚೊಚ್ಚಲ ಬಸುರಿಗೆ ತವರಿನಲ್ಲಿ ಕುಬುಸ ಮಾಡಲೇಬೇಕು, ಹಸಿರು ಸೀರೆ ಉಡಿಸಿ ಉಡಿ ತುಂಬಲೇಬೇಕು ಎಂದು ತಾಯಿ ಹಟ ಹಿಡಿದದ್ದಕ್ಕೆ ಗಂಡ ಮುತ್ತುವನ್ನು ಅಲ್ಲೇ ಬಿಟ್ಟು ಎರಡು ವಾರಕ್ಕೆಂದು ಬಂದಿದ್ದಳು. ಕುಬುಸ ಮುಗಿಸಿಕೊಂಡು ಮರಳಿ ಹೋಗಿ ಅಲ್ಲೇ ಹೆರುವುದೆಂದು ಮಾತಾಗಿತ್ತು.

ಎರಡು ವಾರ ನಾಲ್ಕಾಗುತ್ತ ಬಂತು. ಮೊದಲು ದಿನ ಚೆನ್ನಾಗಿಲ್ಲವೆಂದಳು ತಿಪ್ಪವ್ವ. ಆಮೇಲೆ ಹೂವಿನ ಹಿಪ್ಪರಗಿಯ ಸೋದರತ್ತೆಗೆ ಜ್ವರ, ಅವಳಿಲ್ಲದೆ ಎಂಥ ಕುಬುಸ ಎಂದಳು. ಅದಾದ ಮೇಲೆ ತಾಳಿಕೋಟೆಯ ದರ್ಜಿಯ ಸರದಿ. ಅವನು ಕುಬುಸದ ರವಿಕೆ ಹೊಲಿದು ಕೊಟ್ಟಿಲ್ಲವಂತೆ. ಭುವನೇಶ್ವರಿ ಟಿಕೆಟ್ಟು ಮುಂದೂಡುತ್ತ ಹೋದಳು. ಒಲೆಯ ಮುಂದಿನ ಬಿಸಿ ರೊಟ್ಟಿ, ಬೆನ್ನಿಗೆ ಎಣ್ಣೆ ತಿಕ್ಕುವ ಕೈ ಬಿಟ್ಟು ಹೋಗಲು ಅವಳಿಗೂ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಬೇಕು.

ನೋಡಲು ಬಂದ ಹೆಂಗಸರಿಗೆಲ್ಲ ಆ ದೇಶದ ಸುದ್ದಿ ಬೇಕು. ಅಲ್ಲಿ ಬಸುರಿಯ ತಪಾಸಣೆಗೆ ಬಿಡಿಗಾಸು ಕೊಡಬೇಕಿಲ್ಲ, ಹೆತ್ತ ಮೇಲೆ ನರ್ಸೇ ಮನೆಗೆ ಬಂದು ನೋಡುತ್ತಾಳೆ ಎಂದರೆ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದರು. ಬಾಣಂತಿಗೆ ನೀರು ಹಾಕುವವರು ಯಾರು ಎಂದು ಒಬ್ಬಳು ಕೇಳಿದಳು. ಅವಳೇ ಹಾಕಿಕೊಳ್ಳುತ್ತಾಳೆ ಎಂದು ಭುವನೇಶ್ವರಿ ಹೇಳಿದ್ದೇ ತಡ, ಎಲ್ಲರೂ ಅವಳನ್ನು ತಬ್ಬಲಿಯನ್ನು ನೋಡಿದಂತೆ ನೋಡಿದರು. ಕುರಿ ಕಾಯುವ ಅಪ್ಪ ಅಮಸಿದ್ದನ ವಿಚಾರಣೆಯೇ ಬೇರೆ. ಅಲ್ಲಿ ಕುರಿಗಳು ಕಾಯುವವರಿಲ್ಲದೆ ಮಳೆಯಲ್ಲೇ ಮಲಗುತ್ತವೆಂದು ಕೇಳಿ, ಅಂಥ ದೇಶದ ಬಗ್ಗೆ ಇನ್ನೇನೂ ತಿಳಿಯುವುದು ಬೇಡವೆಂದು ಎದ್ದು ಹೋಗಿದ್ದ.

ಗುರುವಾರ ಬೆಳಿಗ್ಗೆ ಮುತ್ತು ಫೋನಿನಲ್ಲಿ ನಗುತ್ತ ಒಂದು ಮಾತು ಹೇಳಿದ. ಬಸುರಿಯನ್ನು ಎಷ್ಟು ದಿನದವರೆಗೆ ವಿಮಾನ ಹತ್ತಿಸಿಕೊಳ್ಳುತ್ತಾರೆ ಎಂದು ಅತ್ತೆ ಮೊದಲ ವಾರವೇ ಕೇಳಿದ್ದರು, ಮೂವತ್ತಾರು ವಾರದವರೆಗೆ ಎಂದು ತಾನು ಹೇಳಿದ್ದೆ ಎಂದ. ತವರಿಗೆ ಬಂದ ಮೇಲೆ ಮರೆತೇಬಿಟ್ಟಿದ್ದ ವಾರದ ಲೆಕ್ಕವನ್ನು ಭುವನೇಶ್ವರಿ ಬೆರಳು ಮಡಿಸಿ ಹಾಕಿದಳು. ಮೂವತ್ತಾರು ವಾರ ತುಂಬುವುದು ಭಾನುವಾರ. ತಾಯಿ ಕೊನೆಗೂ ಗೊತ್ತು ಮಾಡಿದ್ದ ಕುಬುಸ ಸೋಮವಾರ.

ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. ಬೇಕೆಂತಲೇ ಮಾಡಿದೆಯಾ ಎಂದು ಮಗಳು ಕೇಳಿದರೆ ಇಲ್ಲವೆನ್ನಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಭುವನೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದ ಹಿಂದೆ ಅವಳ ಅಕ್ಕ ಸುನೀತಾ ಹೆತ್ತು ರಕ್ತಸ್ರಾವವಾಗಿ, ವಿಜಯಪುರ ಇನ್ನೂ ಇಪ್ಪತ್ತು ಕಿಲೋಮೀಟರು ಇರುವಾಗ ಜೀಪಿನಲ್ಲೇ ತೀರಿಕೊಂಡಿದ್ದಳು. ಭುವನೇಶ್ವರಿ ಕೆಲಸ ಮಾಡುವಲ್ಲಿ ರಕ್ತ ಪಕ್ಕದ ಕೋಣೆಯಲ್ಲೇ ಇರುತ್ತದೆ.

"ಅಕ್ಕಗ ಏನಾತು ಮರ್ತಿಯೇನು? ಅಲ್ಲಿದ್ರ ಆಕಿ ಉಳೀತಿದ್ಲು."

"ಉಳೀತಿದ್ಲು, ಖರೆ," ಎಂದಳು ತಿಪ್ಪವ್ವ, ಹಿಟ್ಟಿನ ಕೈ ಹಾಗೇ ಹಿಡಿದು. "ಆದ್ರ ನನ್ನ ತೊಡಿ ಮ್ಯಾಲ ಸತ್ತಳು. ಯವ್ವಾ ಅಂದ್ಲು, ನಾ ಓ ಅಂದ್ನಿ. ಅಲ್ಲಿ ನಿನಗ ಓ ಅನ್ನಾವ್ರು ಯಾರು?"

ಸಾಯಲು ಹೊರಟಿಲ್ಲ, ಹೆರಲು ಹೊರಟಿದ್ದೇನೆ, ಮುತ್ತು ಇರುತ್ತಾನೆ ಎಂದಳು ಭುವನೇಶ್ವರಿ. ಬೆರಳಿಗೆ ಗಾಯವಾದರೂ ತಲೆ ತಿರುಗಿ ಬೀಳುವ ಅಳಿಯನ ಧೈರ್ಯ ತಿಪ್ಪವ್ವನಿಗೆ ಗೊತ್ತಿದ್ದದ್ದೇ. ಅಲ್ಲಿ ಹೆರಲು ಹೋಗಿ ಯಾರೂ ಸಾಯುವುದೇ ಇಲ್ಲವೇ ಎಂದು ಕೇಳಿದಳು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನರ್ಸಿನ ಬಾಯಿಗೆ ಆ ಸುಳ್ಳು ಬರಲಿಲ್ಲ. ತಾನು ಕೆಲಸಕ್ಕೆ ಸೇರಿದ ನಾಲ್ಕು ವರ್ಷದಲ್ಲಿ ಒಬ್ಬಳು ಸತ್ತಿದ್ದಾಳೆ ಎಂದಳು.

"ಆಕಿ ಹಂತ್ಯಾಕ ಯಾರಿದ್ರು?"

"ನಾ ಇದ್ನಿ. ಆಕಿ ಕೈ ಹಿಡಕೊಂಡಿದ್ನಿ."

ತಿಪ್ಪವ್ವ ಮಗಳ ಮುಖವನ್ನೇ ನೋಡುತ್ತ ಕುಳಿತಳು. ರೊಟ್ಟಿ ಸೀದು ವಾಸನೆ ಬಂದ ಮೇಲೆ ಹಂಚು ಇಳಿಸಿದಳು.

"ಹಂಗಾರ ಹೋಗವ್ವ," ಎಂದಳು. "ನಿನ್ನಂಥಾಕಿ ಒಬ್ಬಾಕಿ ಅಲ್ಲಿ ಇದ್ದಾಳು."

ಆಮೇಲೆ ಮನೆಯಲ್ಲಿ ಗಡಿಬಿಡಿ. ಮುತ್ತು ಶನಿವಾರದ ಟಿಕೆಟ್ಟು ಮಾಡಿಸಿದ. ಸೋದರತ್ತೆ ಬರಲಿ ಬಿಡಲಿ, ದರ್ಜಿ ಹಾಳಾಗಿ ಹೋಗಲಿ, ಕುಬುಸ ಇವತ್ತೇ ಎಂದಳು ತಿಪ್ಪವ್ವ. ಮಧ್ಯಾಹ್ನದೊಳಗೆ ಓಣಿಯ ಐದು ಮಂದಿ ಮುತ್ತೈದೆಯರು ಸೇರಿದರು. ಭುವನೇಶ್ವರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ ಮಣೆಯ ಮೇಲೆ ಕೂರಿಸಿದರು. ಎಷ್ಟೋ ದಿನದ ಮೇಲೆ ತಿಪ್ಪವ್ವ ಹಗುರಾಗಿ ಓಡಾಡುತ್ತಿದ್ದಳು, ಹಾಡಿಗೆ ದನಿಯನ್ನೂ ಕೂಡಿಸಿದಳು.

ಆಸ್ಪತ್ರೆಯಲ್ಲಿ ಸತ್ತವಳ ಕೈಯನ್ನು ಭುವನೇಶ್ವರಿ ಹಿಡಿದುಕೊಂಡದ್ದು ನಿಜ. ಆ ಹೆಂಗಸು ಯಾವುದೋ ಬೇರೆ ದೇಶದಿಂದ ದುಡಿಯಲು ಬಂದವಳು, ತನ್ನವರೆಂಬುವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ವೈದ್ಯರು ಬಾಟಲಿ ಮೇಲೆ ಬಾಟಲಿ ರಕ್ತ ಕೊಡಿಸುತ್ತಲೇ ಇದ್ದರು. ಸಂಜೆಗೆ ಪಾಳಿ ಮುಗಿಯಿತು, ಬೇರೆ ನರ್ಸುಗಳು ಬಂದರು. ಭುವನೇಶ್ವರಿ ಒಂದೊಂದೇ ಬೆರಳು ಬಿಡಿಸಿಕೊಂಡು ಎದ್ದಳು. ಹಿಂದಿನಿಂದ ಅವಳು ತನ್ನ ಭಾಷೆಯಲ್ಲಿ ಏನೋ ಕರೆದಳು. ಬಸ್ಸು ತಪ್ಪುತ್ತದೆಂದು ಭುವನೇಶ್ವರಿ ನಿಲ್ಲಲಿಲ್ಲ. ಮರುದಿನ ಹೋದಾಗ ಆ ಮಂಚದ ಹಾಸಿಗೆ ಬದಲಾಯಿಸಿದ್ದರು.

ಇದನ್ನು ಈಗ ಹೇಳಿದರೆ ಅವ್ವ ಕಳಿಸುವುದಿಲ್ಲ. ತಿಪ್ಪವ್ವ ಮೊರದ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು ಹಿಡಿದು ಎದುರಿಗೆ ಬಂದು ನಿಂತಳು. ಭುವನೇಶ್ವರಿ ತಲೆ ಬಗ್ಗಿಸಿ ಉಡಿ ಒಡ್ಡಿದಳು.