ದೀಪ್ತಿಗೆ ಬೇಕಾದ ಏಳು ನಿಮಿಷ

ಮಾಲೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅನಸೂಯಮ್ಮನಿಗೆ, ಎಂಬತ್ತೇಳನೇ ಇಸವಿಯ ಆ ಶನಿವಾರ ಬೆಳಿಗ್ಗೆ ತನ್ನೂರು ಟೇಕಲ್ಲಿನ ಸ್ಟೇಷನ್ನಿನಲ್ಲಿ ಮಾಲೂರಿನ ಗಾಡಿಗೆ ಕಾಯುವಾಗ ಒಂದೇ ಚಿಂತೆ. ಹತ್ತು ಗಂಟೆಗೆ ಶಾಲೆಯ ಕಮಿಟಿಯವರು ಬಂದು ದೀಪ್ತಿಯನ್ನು ನೋಡಲಿದ್ದರು. ನೋಡುವುದೇನು ಬಂತು, ಸಾಗಹಾಕುವುದಕ್ಕೆ ಅದೊಂದು ನೆಪ.

ದೀಪ್ತಿ ಅಂದರೆ ಹುಡುಗಿಯಲ್ಲ, ಕಂಪ್ಯೂಟರ್. ಬೆಂಗಳೂರಿನ ಒಂದು ಸಣ್ಣ ಕಂಪನಿ ಮಾಡಿದ್ದು. ಕೀಲಿಗಳಿರುವ ಒಂದು ಪೆಟ್ಟಿಗೆ, ಅದನ್ನು ಟಿ.ವಿ.ಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಪ್ರೋಗ್ರಾಂ ಒಳಗೆ ಹೋಗುವ ತನಕ ಏಳು ನಿಮಿಷ ಕಾಯಬೇಕು. ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿದೆ ಎಂದು ಹೇಳಿದವರಿಲ್ಲ. ಈಗ ಕಮಿಟಿಯ ಅಧ್ಯಕ್ಷ, ಇಟ್ಟಿಗೆ ಗೂಡಿನ ಚನ್ನರಾಯಪ್ಪ, ಊರೆಲ್ಲ ಕೊಳ್ಳುವಂಥ ದೊಡ್ಡ ಪಿ.ಸಿ.ಯನ್ನೇ ಶಾಲೆಗೆ ಕೊಡಿಸಿದ್ದರು. ಇರುವುದು ಒಂದು ಕೋಣೆ, ಒಂದು ಮೇಜು. ಅದು ಒಳಗೆ ಬಂದರೆ ದೀಪ್ತಿ ಗುಜರಿಗೆ.

ಇದು ಸಾಲದೆಂದು ಅತ್ತೆ ಮುನಿಶಾಮಮ್ಮ ಬೇರೆ ಜೊತೆಗೆ ಹೊರಟಿದ್ದರು. ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುವುದು ಈ ಸೀಮೆಯ ಮಾತು. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ, ಅವು ತಾವಾಗಿ ಏಳುವ ತನಕ ಸುಮ್ಮನಿರಬೇಕು. ಅತ್ತೆಗೆ ಪುರುಸೊತ್ತು ಅಂತ ಸಿಗುವುದೇ ಆಗ.

"ಹೊತ್ತು ಮುಳುಗಾಗಂಟ ಆ ಹಾಳು ಡಬ್ಬದ ಮುಂದೆ ಕೂತಿರ್ತೀಯಲ್ಲ, ಅದ್ರಾಗೇನೈತೆ ಅಂತ ನಾನೂ ನೋಡ್ತೀನಿ" ಅಂದಿದ್ದರು. ಸೊಸೆ ತಡವಾಗಿ ಬಂದ ದಿನವೆಲ್ಲ ದೀಪ್ತಿಗೆ ಅವರ ಬೈಗುಳ ತಪ್ಪಿದ್ದಿಲ್ಲ. ಇವತ್ತು ಕಮಿಟಿಯವರ ಜೊತೆ ಇವರೂ ಸೇರಿದರೆ ಮುಗಿಯಿತು ಎಂದುಕೊಂಡಳು ಅನಸೂಯಮ್ಮ.

ಚನ್ನರಾಯಪ್ಪ ಕೆಟ್ಟವರಲ್ಲ. ಹತ್ತು ಗಂಟೆಗೆ ಶಾಲೆಯಲ್ಲಿ, ಅತ್ತೆ ಹಿಂದಿನ ಬೆಂಚಿನಲ್ಲಿ ಕೂತ ಮೇಲೆ, ಮೂವರು ಸದಸ್ಯರನ್ನು ಮುಂದೆ ಕೂರಿಸಿಕೊಂಡು ಮೆತ್ತಗೇ ಶುರುಮಾಡಿದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಇದನ್ನ ಕಲ್ತ್ರೆ ನಮ್ಮ ಹೆಣ್ಮಕ್ಳಿಗೆ ಏನ್ ಬರುತ್ತೆ? ಬೆಂಗಳೂರಲ್ಲಿ ಯಾವ ಆಫೀಸಲ್ಲೂ ಇದಿಲ್ಲ. ಕೆಟ್ರೆ ರಿಪೇರಿ ಮಾಡೋರೂ ಇಲ್ಲ."

"ಎರಡು ಸಲ ಕೆಟ್ಟಿತ್ತು ಸಾರ್. ಎರಡು ಸಲಾನೂ ಹತ್ತನೇ ಕ್ಲಾಸಿನ ಕದಿರಮ್ಮನೇ ಬಿಚ್ಚಿ ಸರಿಮಾಡಿದ್ಲು. ಹೊಸದನ್ನ ಮುಟ್ಟೋಕೆ ಬಿಡ್ತೀವಾ? ಚಪ್ಪಲಿ ಬಿಡಿಸಿ, ಬಾಗಿಲಲ್ಲಿ ನಿಲ್ಲಿಸಿ ತೋರಿಸ್ತೀವಿ." ತನ್ನ ದನಿ ಏರಿದ್ದು ಅವಳಿಗೇ ಆಶ್ಚರ್ಯವಾಯಿತು. "ಇದು ಮಕ್ಕಳು ಹೇಳಿದ ಹಾಗೆ ಕೇಳುತ್ತೆ. ತಪ್ಪು ಹೇಳಿದ್ರೆ ತಪ್ಪು ಅನ್ನುತ್ತೆ, ಬೈಯೋದಿಲ್ಲ. ಗಣಿತ ಅಂದ್ರೆ ಅಳ್ತಿದ್ದ ಹುಡುಗೀರು ಈಗ ಗಂಟೆ ಹೊಡೆದ್ರೂ ಏಳೋದಿಲ್ಲ ಸಾರ್."

"ಸರಿ, ಟೇಪು? ಅಷ್ಟೊತ್ತು ಯಾರು ಕಾಯ್ತಾರೆ?"

"ನಿಧಾನ. ಅದು ನಿಜ" ಎಂದು ಒಪ್ಪಿಕೊಂಡು ಅನಸೂಯಮ್ಮ ಟೇಪಿನ ಗುಂಡಿ ಒತ್ತಿದಳು.

ಟೇಪು ಕಿರ್ರೆಂದು ಅರಚಿಕೊಂಡಿತು. ಟಿ.ವಿ.ಯಲ್ಲಿ ಬರೀ ಕತ್ತಲೆ. ಎರಡು ನಿಮಿಷಕ್ಕೆ ಒಬ್ಬರು ಕೆಮ್ಮಿದರು, ಮೂರಕ್ಕೆ ಇನ್ನೊಬ್ಬರು ಗಡಿಯಾರ ನೋಡಿದರು. ನಾಲ್ಕು ದಾಟುವಷ್ಟರಲ್ಲಿ ಚನ್ನರಾಯಪ್ಪ, "ಎಲ್ಲೋ ಸಿಕ್ಕಾಕೊಂಡಿದೆ ಬಿಡಿ" ಎಂದು ಎದ್ದು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು. ಆರಿಸಿದರೆ ಮತ್ತೆ ಮೊದಲಿನಿಂದ. ಮತ್ತೊಮ್ಮೆ ಕೂರುವ ತಾಳ್ಮೆ ಈ ಜನಕ್ಕೆಲ್ಲಿದೆ? ತಡೆಯಲು ಅನಸೂಯಮ್ಮ ಮೇಜು ಬಳಸಿ ಹೊರಟಳು.

"ಮುಟ್ಟಬ್ಯಾಡ ಕಣಪ್ಪ" ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ. "ಅದು ಜ್ವರಕ್ಕೆ ಕೂತೈತೆ."

ಚನ್ನರಾಯಪ್ಪನವರ ಕೈ ಅಲ್ಲೇ ನಿಂತಿತು. ಇಟ್ಟಿಗೆ ಗೂಡು ಬಂದದ್ದು ಆಮೇಲೆ. ಅವರು ಹುಟ್ಟಿ ಬೆಳೆದದ್ದು ಹುತ್ತೂರಿನ ಹುಳುಮನೆಯಲ್ಲಿ. ಜ್ವರಕ್ಕೆ ಕೂತ ತಟ್ಟೆಯನ್ನು ಮುಟ್ಟಿ ತಾಯಿಯ ಕೈಯಲ್ಲಿ ಎಷ್ಟು ಏಟು ತಿಂದಿದ್ದರೋ. ಮಿಕ್ಕ ಮೂವರೂ ಸೊಪ್ಪು ಕೊಯ್ದು ಬೆಳೆದವರೇ. ಚನ್ನರಾಯಪ್ಪ ಮತ್ತೆ ಕೂತರು, ಯಾರೂ ಹೇಳದೆ ಎಲ್ಲರೂ ದನಿ ಕೂಡ ತಗ್ಗಿಸಿಕೊಂಡರು. ಬೈಯುತ್ತಲೇ ಬಂದ ಅತ್ತೆಯನ್ನು ತಿರುಗಿ ನೋಡಿದ ಅನಸೂಯಮ್ಮನ ಕಣ್ಣು ತುಂಬಿತು.

ಏಳನೇ ನಿಮಿಷಕ್ಕೆ ಅರಚಾಟ ನಿಂತು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಚನ್ನರಾಯಪ್ಪ ತಮಗರಿವಿಲ್ಲದೆ ಓದಿದರು. "ನಿಮ್ಮ ಹೆಸರೇನು? ... ಮೇಡಂ, ಇದಕ್ಕೆ ಕನ್ನಡ ಬರುತ್ತಾ? ಹೊಸದ್ರಲ್ಲಿ ಬರೀ ಇಂಗ್ಲಿಷು."

"ಬರ್ತಿರ್ಲಿಲ್ಲ ಸಾರ್. ಹುಡುಗೀರು ಮೂರು ತಿಂಗಳು ಗ್ರಾಫ್ ಹಾಳೇಲಿ ಒಂದೊಂದೇ ಮನೆ ತುಂಬಿ, ಒಂದೊಂದೇ ಅಕ್ಷರ ಕಲಿಸಿದ್ರು."

ಓದು ಬಾರದ ಮುನಿಶಾಮಮ್ಮ, ಪ್ರಶ್ನೆ ತಮಗೇ ಎಂದು ತಿಳಿದು, ಸೆರಗು ಹೊದ್ದು ಎದ್ದು ನಿಂತರು. "ಮುನಿಶಾಮಮ್ಮ ಅಂತಾರೆ ಕಣಪ್ಪ. ಟೇಕಲ್ಲು."

ಯಾರೂ ನಗಲಿಲ್ಲ. ಅನಸೂಯಮ್ಮ ಆ ಹೆಸರನ್ನು ಕೀಲಿಗಳಲ್ಲಿ ಒತ್ತಿದಳು. "ಬನ್ನಿ ಮುನಿಶಾಮಮ್ಮ, ಕುಳಿತುಕೊಳ್ಳಿ" ಎಂದು ಪರದೆಯಲ್ಲಿ ಬಂದದ್ದನ್ನು ಚನ್ನರಾಯಪ್ಪ ಓದಿ ಹೇಳಿದರು. ಅತ್ತೆ ಗೌರವದಿಂದ ಕೂತರು.

ಹೊರಡುವಾಗ ಚನ್ನರಾಯಪ್ಪ ಬಾಗಿಲಲ್ಲಿ ನಿಂತು, "ಹೊಸದು ಆಫೀಸ್ ರೂಮಲ್ಲಿ ಇರ್ಲಿ. ಈ ಮೇಜು ಅಲುಗಿಸೋದು ಬೇಡ" ಅಂದರು.

ಎಲ್ಲರೂ ಹೋದ ಮೇಲೆ ಅನಸೂಯಮ್ಮ ಸ್ವಿಚ್ಚಿನ ಹತ್ತಿರ ಹೋದಳು. ಹನ್ನೆರಡರ ಗಾಡಿಗೆ ಹೊತ್ತಾಗುತ್ತಿತ್ತು.

"ಆರಿಸಿದ್ರೆ ನನ್ನೆಸ್ರು?" ಎಂದರು ಅತ್ತೆ.

"ಹೋಗುತ್ತೆ ಅತ್ತೆ. ಉಳೀಬೇಕಂದ್ರೆ ಟೇಪಿಗೆ ತುಂಬಬೇಕು. ಮತ್ತೆ ಏಳು ನಿಮಿಷ. ಗಾಡಿ ತಪ್ಪುತ್ತೆ."

ಐವತ್ತೆಂಟು ವರ್ಷದಲ್ಲಿ ಆ ಹೆಸರು ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ. ಮುನಿಶಾಮಮ್ಮ ಪರದೆಯಿಂದ ಕಣ್ಣು ಕೀಳದೆ ಬೆಂಚಿನ ಮೇಲೆ ಸರಿದು, ಸೊಸೆಗೆ ಜಾಗ ಮಾಡಿದರು.

"ತಪ್ಪಲಿ ಬಾರೇ, ಕೂತ್ಕೋ."

ದೂರದಲ್ಲಿ ಗಾಡಿ ಕೂಗಿದಾಗ ಟೇಪು ಇನ್ನೂ ತಿರುಗುತ್ತಿತ್ತು. ಇಬ್ಬರೂ ಏಳಲಿಲ್ಲ.